ದಾರಿ ಹುಡುಕಲು ಹೋಗಿ ಬೋಕಿ ಆಯ್ದವರು

ರೋಮಿಗೆ ಹೋದವರು ಕೊಲೊಸಿಯಮ್ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ತಪ್ಪೇನಿಲ್ಲ. ಆದರೆ ಹಳೆಯ ದಾರಿಗಳ ಹುಚ್ಚು ಹಿಡಿದ ನನ್ನಂಥವರಿಗೆ ಆ ನಗರದ ಉತ್ತರಕ್ಕೆ ಹರಡಿದ ಉತ್ತ ಹೊಲಗಳು ಅದಕ್ಕಿಂತ ಒಂದು ಕೈ ಮೇಲು. ಅದೂ ಮಳೆ ಬಂದು ಹೊಳವಾದ ಮಾರನೆಯ ದಿನ. ನೇಗಿಲು ಮಗುಚಿದ ಹೆಂಟೆ ಕರಗಿ, ಒಳಗಿದ್ದ ಬೋಕಿ ಯಾರೋ ತೊಳೆದಿಟ್ಟ ಹಾಗೆ ಮೇಲೆ ಕೂತಿರುತ್ತದೆ.

ಈ ಹೊಲಗಳನ್ನು ಓದಲು ಕಲಿಸಿದವರು ಪುರಾತತ್ವಜ್ಞ ಜಾನ್ ವಾರ್ಡ್-ಪರ್ಕಿನ್ಸ್. 1946ರಿಂದ 1974ರವರೆಗೆ ರೋಮಿನ ಬ್ರಿಟಿಷ್ ಸ್ಕೂಲ್ ಎಂಬ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅದೇ ಸಂಸ್ಥೆಯ ಹಿಂದಿನ ನಿರ್ದೇಶಕ ಥಾಮಸ್ ಆಶ್ಬಿ 20ನೇ ಶತಮಾನದ ಆರಂಭದಲ್ಲೇ ರೋಮಿನ ಸುತ್ತಲ ಬಯಲನ್ನು ಕ್ಯಾಮೆರಾ ಹಿಡಿದು ತುಳಿದಿದ್ದರು. ವಾರ್ಡ್-ಪರ್ಕಿನ್ಸ್ 1950ರ ದಶಕದಲ್ಲಿ ನಗರದ ಉತ್ತರದ ಈ ಸೀಮೆಯನ್ನು, ಅಂದರೆ ದಕ್ಷಿಣ ಎಟ್ರುರಿಯಾವನ್ನು ಸುತ್ತತೊಡಗಿದಾಗ ಅವರ ಕಣ್ಣೂ ಮೊದಲಿಗೆ ದಾರಿಗಳ ಮೇಲೆಯೇ.

ಅಲ್ಲಿನ ದಾರಿಗಳಲ್ಲಿ ಎರಡು ಜಾತಿ. ರೋಮನ್ನರಿಗಿಂತ ಮೊದಲು ಇಲ್ಲಿದ್ದ ಎಟ್ರುಸ್ಕನ್ನರದು ಟೂಫಾ ಎಂಬ ಮೆತ್ತನೆಯ ಜ್ವಾಲಾಮುಖಿ ಕಲ್ಲನ್ನು ಕೊರೆದು ಮಾಡಿದ ಓಣಿ. ಕಣಿವೆಗಿಳಿದು, ಗುಡ್ಡ ಬಳಸಿ, ಊರಿಂದೂರಿಗೆ ಹೋಗುವಂಥದು. ಗಾಡಿಯ ಜಾಡು ತೀರಾ ಆಳವಾದರೆ ನೆಲವನ್ನೇ ಮತ್ತೆ ಕೆತ್ತಿ ಮಟ್ಟ ಮಾಡುತ್ತಿದ್ದರು. ಹೀಗೆ ಕೆತ್ತಿ ಕೆತ್ತಿ ದಾರಿ ಕೆಳಗಿಳಿಯಿತು. ಹಳೆಯ ನೆಲದ ಅಂಚು ಇಂದು ಪಕ್ಕದ ಗೋಡೆಯಲ್ಲಿ, ನಡೆಯುವವನ ತಲೆಗಿಂತ ಮೇಲೆ ಕಾಣಿಸುವುದುಂಟು.

ರೋಮನ್ನರ ದಾರಿಯ ಗತ್ತೇ ಬೇರೆ. ಕ್ರಿ.ಪೂ. 396ರಲ್ಲಿ ವೇಯಿ ನಗರ ಅವರ ಕೈಸೇರಿತು, 241ರಲ್ಲಿ ಫಲೇರಿ. ಅದರ ಬೆನ್ನಿಗೇ ಅಮೆರಿನಾ ಮಾರ್ಗ, 220ರಲ್ಲಿ ಫ್ಲಾಮಿನಿಯಾ ಮಾರ್ಗ ಬಂದವು. ಫ್ಲಾಮಿನಿಯಾಕ್ಕೆ ನಡುವಿನ ಊರುಗಳ ಹಂಗಿಲ್ಲ, ದೂರದ ಏಡ್ರಿಯಾಟಿಕ್ ಕರಾವಳಿಯ ಮೇಲೇ ಕಣ್ಣು. ಬೈಪಾಸ್ ಬಂದ ಮೇಲೆ ಹಳೆ ಹೆದ್ದಾರಿಯ ಊರಿನ ಹೋಟೆಲುಗಳ ಗತಿ ಏನಾಗುತ್ತದೆಂದು ಬಲ್ಲ ನಮಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ.

ಆ ಮಾರ್ಗಗಳಿಗೆ ಹಾಸಿದ ಕಪ್ಪು ಬಸಾಲ್ಟ್ ಕಲ್ಲನ್ನು ಮೇಲಿನಿಂದ ಮಾತ್ರ ನೋಡಿದರೆ ಸಾಲದು. ಮುಖ ಚಪ್ಪಟೆ, ಐದಾರು ಮೂಲೆ. ಕೆಳಗೆ ಹೋದಂತೆ ಕಿರಿದು. ಕಿತ್ತು ಹೊರಗಿಟ್ಟರೆ ಥೇಟ್ ದವಡೆ ಹಲ್ಲು. ನೇಗಿಲಿಗೆ ತಾಗಿದ ಇಂಥ ಕಲ್ಲುಗಳನ್ನು ರೈತರು ಬದುವಿಗೆ ಎತ್ತಿ ಹಾಕಿರುತ್ತಾರೆ. ಹುಡುಕುವವನಿಗೆ ಆ ಬದುವೇ ಕೈಮರ.

ವಾರ್ಡ್-ಪರ್ಕಿನ್ಸ್ ಹೀಗೆ ದಾರಿ ಹುಡುಕುತ್ತಿದ್ದಾಗಲೇ ಕಥೆ ತಿರುವು ಪಡೆದದ್ದು. ಯುದ್ಧಾನಂತರದ ಇಟಲಿಯಲ್ಲಿ ಭೂಸುಧಾರಣೆ ಬಂತು, ಟ್ರಾಕ್ಟರ್ ಬಂತು. ತಲೆಮಾರುಗಳಿಂದ ಕುರಿ ಮೇಯುತ್ತಿದ್ದ ನೆಲಕ್ಕೆ ಆಳದ ನೇಗಿಲು ಬಿತ್ತು. ದಾರಿಯ ಇಕ್ಕೆಲಗಳಲ್ಲಿ ಹೆಂಚು, ಗೋಡೆಗಲ್ಲು, ಬೋಕಿ ರಾಶಿ ರಾಶಿಯಾಗಿ ಮೇಲೆದ್ದವು. ಒಂದೊಂದು ರಾಶಿಯೂ ಒಂದು ತೋಟದ ಮನೆ. ದಾರಿ ಹುಡುಕುತ್ತಿದ್ದವರು ಸಾಲಾಗಿ ನಡೆದು ಚೂರು ಆಯತೊಡಗಿದರು. ಸುಮಾರು 1,000 ಚದರ ಕಿಲೋಮೀಟರಿನಲ್ಲಿ 2,000ಕ್ಕೂ ಹೆಚ್ಚು ನೆಲೆಗಳು ಸಿಕ್ಕವು. ಆದರೆ ತೋರಿಸಿದ ನೇಗಿಲೇ ಅಳಿಸುತ್ತಲೂ ಇತ್ತು. ಎರಡು ಮೂರು ಉಳುಮೆಯಲ್ಲಿ ಗೋಡೆ ಪುಡಿಯಾದರೆ ಆ ಮನೆಯ ಲೆಕ್ಕ ಮುಗಿಯಿತು.

ದಾರಿಯ ಕಲ್ಲು ತನ್ನ ವಯಸ್ಸು ಹೇಳುವುದಿಲ್ಲ, ಬೋಕಿ ಹೇಳುತ್ತದೆ. ಕಪ್ಪು ಮೆರುಗಿನ ಚೂರಾದರೆ ಕ್ರಿಸ್ತಪೂರ್ವದ ಗಣರಾಜ್ಯದ ಕಾಲ. ನುಣುಪಾದ ಕೆಂಪು ಮೆರುಗಿನ ಇಟಲಿಯ ತಟ್ಟೆಯಾದರೆ ಅಗಸ್ಟಸ್‌ನ ಆಸುಪಾಸು. ಇಂದಿನ ಟ್ಯುನೀಸಿಯಾದ ಕಡೆಯಿಂದ ಹಡಗಿನಲ್ಲಿ ಬಂದ ಕಿತ್ತಳೆಗೆಂಪು ಪಾತ್ರೆಯಾದರೆ ಇನ್ನೂ ಈಚಿನದು. ಕುಂಟೆಬಿಲ್ಲೆಗೆ ಆಯ್ದುಕೊಳ್ಳುವಷ್ಟು ಗಾತ್ರದ ಮೂರು ಚೂರು ಅಂಗೈಯಲ್ಲಿದ್ದರೆ ಒಂದು ಹೊಲದ ನಾನೂರು ಐನೂರು ವರ್ಷ ಅಲ್ಲಿದ್ದಂತೆ.

ಈ ಕೆಂಪು ಚೂರಿಗೂ ನಮಗೂ ಸಂಬಂಧವುಂಟು. ಇಟಲಿಯ ಅರೆಟ್ಸೊ ಊರಿನ ಹೆಸರು ಹೊತ್ತ ಈ ಬಗೆಯ ಪಾತ್ರೆಯ ಚೂರುಗಳು 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಕೈಗೆ ಬಂದವು. ಅವುಗಳ ಬಲದಿಂದ ಅಲ್ಲಿನ, ಸುತ್ತು ಸುತ್ತಾಗಿ ಚುಕ್ಕೆಗೆರೆ ಒತ್ತಿದ ಚಕ್ರಾಂಕಿತ ಮಡಕೆಗಳಿಗೆ ಕಾಲ ಸಿಕ್ಕಿತು. 1947ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅದೇ ಚಕ್ರಾಂಕಿತ ಮಡಕೆ ಕಂಡಾಗ ನಮ್ಮ ನೆಲದ ಪದರಗಳಿಗೂ ಕಾಲ ಗೊತ್ತಾಯಿತು.

ಬೋಕಿಯನ್ನು ನಂಬುವುದರಲ್ಲಿ ಒಂದು ಅಪಾಯವೂ ಇದೆ. ಮೆರುಗಿನ ತಟ್ಟೆ ಕೊಳ್ಳಲಾಗದ ಮನೆಯಲ್ಲಿ ಉಳಿದದ್ದು ಮಸಿ ಹಿಡಿದ ಅಡುಗೆ ಮಡಕೆ ಮಾತ್ರ. ಅದರ ಕಾಲ ಹೇಳುವುದು ಕಷ್ಟ. ಹಾಗಾಗಿ ಮೆರುಗಿನ ಚೂರು ಕಾಣದ ಕಡೆ ನಕ್ಷೆಯಲ್ಲಿ ಜನರೇ ಇಲ್ಲವಾಗುತ್ತಾರೆ. ಬಡವರು ಸತ್ತ ಮೇಲೂ ಲೆಕ್ಕಕ್ಕೆ ಸಿಗದೆ ಹೋಗುವುದು ಹೀಗೆ. 1979ರಲ್ಲಿ ಪುರಾತತ್ವಜ್ಞ ಟಿಮ್ ಪಾಟರ್ ದಕ್ಷಿಣ ಎಟ್ರುರಿಯಾದ ಈ ಸಮೀಕ್ಷೆಯ ಕಥೆಯನ್ನು ಪುಸ್ತಕವಾಗಿ ತಂದರು. ರೋಮನ್ ಯುಗದ ಕೊನೆಗಾಲಕ್ಕೆ ಹಳ್ಳಿಗಾಡು ಬರಿದಾದ ಚಿತ್ರ ಅದರಲ್ಲಿತ್ತು. ಬರಿದಾದದ್ದು ಎಷ್ಟು, ನಮ್ಮ ಕಣ್ಣಿಗೆ ಬೀಳದ್ದು ಎಷ್ಟು?

1997ರಲ್ಲಿ ಬ್ರಿಟಿಷ್ ಸ್ಕೂಲ್ ಟೈಬರ್ ಕಣಿವೆ ಯೋಜನೆ ಶುರುಮಾಡಿದಾಗ ಆಗ ಆಯ್ದು ತುಂಬಿಟ್ಟಿದ್ದ ಹಳೆಯ ಚೀಲಗಳನ್ನೇ ಮತ್ತೆ ಬಿಚ್ಚಿ ಚೂರುಗಳನ್ನು ಹೊಸದಾಗಿ ಓದಿದರು. ಅಷ್ಟರಲ್ಲಿ ಒರಟು ಅಡುಗೆ ಮಡಕೆಗೂ ಕಾಲ ಕಟ್ಟುವ ವಿದ್ಯೆ ಬೆಳೆದಿತ್ತು. ಇತ್ತ ಎಷ್ಟೋ ಹೊಲಗಳ ಮೇಲೆ ರೋಮಿನ ಹೊರವಲಯದ ಮನೆಗಳು ಎದ್ದಿದ್ದವು. ಹೋಗಿ ಮತ್ತೆ ಆಯೋಣವೆಂದರೆ ನೆಲವಿಲ್ಲ. ಉಳಿದದ್ದು ಚೀಲ, ಅದರ ಮೇಲಿನ ಚೀಟಿ. ಆಯ್ದ ದಿನ ಗುರುತು ಹತ್ತದ ಚೂರುಗಳೂ ಅದರೊಳಗಿದ್ದವು. ಗೊತ್ತಾಗಲಿಲ್ಲವೆಂದು ಯಾರೂ ಅವನ್ನು ಬದುವಿನಾಚೆ ಎಸೆದಿರಲಿಲ್ಲ.