ಪತ್ತೇದಾರಿ ಕಥೆಯಲ್ಲಿ ದೇಶೌಚಿತ್ಯ: ಹವಾಯಿಯ ಒಂದು ಕಾದಂಬರಿ

ಪತ್ತೇದಾರಿ ಕಾದಂಬರಿಯು ಅನುಮಾನಪ್ರಮಾಣವನ್ನೇ ಕಥಾಶರೀರವನ್ನಾಗಿ ಮಾಡಿಕೊಂಡ ಗದ್ಯಪ್ರಬಂಧವು. ಧೂಮದಿಂದ ವಹ್ನಿಯನ್ನು ಊಹಿಸುವ ತಾರ್ಕಿಕನಂತೆ ಪತ್ತೇದಾರನು ಲಿಂಗದಿಂದ ಅಪರಾಧಿಯನ್ನು ಸಾಧಿಸುತ್ತಾನೆ. ಓದುಗನ ದಾರಿ ತಪ್ಪಿಸುವ ಸುಳಿವುಗಳೆಲ್ಲವೂ ಹೇತ್ವಾಭಾಸಗಳೇ. ಇಂತಹ ಕೃತಿಯಲ್ಲಿ ದೇಶವರ್ಣನೆಯು ಅನುಮಾನಕ್ಕೆ ಅಂಗವಾಗಿದೆಯೆ, ಅಥವಾ ಹೊರಗಿನಿಂದ ತೊಡಿಸಿದ ಆಭರಣಮಾತ್ರವೆ ಎಂಬುದೇ ವಿಮರ್ಶಕನು ಮೊದಲು ವಿಚಾರಿಸತಕ್ಕ ವಿಷಯವು.

ಅಮೆರಿಕದ ಅರ್ಲ್ ಡರ್ ಬಿಗ್ಗರ್ಸ್ ಎಂಬವರು (೧೮೮೪–೧೯೩೩) ೧೯೨೫ರಲ್ಲಿ ಪ್ರಕಟಿಸಿದ 'ದಿ ಹೌಸ್ ವಿತೌಟ್ ಎ ಕೀ' ಎಂಬ ಕಾದಂಬರಿಯು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ. ಹೊನೊಲುಲು ಪೋಲೀಸಿನ ಚೀನೀ ಪತ್ತೇದಾರ ಚಾರ್ಲಿ ಚಾನ್ ಮೊದಲು ಕಾಣಿಸಿಕೊಂಡುದು ಇದರಲ್ಲಿಯೇ. ವೈಕೀಕಿಯ ಕಡಲತೀರದ ಮನೆಯಲ್ಲಿ ಧನಿಕನೊಬ್ಬನು ರಾತ್ರಿ ಹತನಾಗುತ್ತಾನೆ. ಕತ್ತಲೆಯಲ್ಲಿ ಹೊಳೆದ ಕೈಗಡಿಯಾರದಲ್ಲಿ ೨ ಎಂಬ ಅಂಕೆ ಮಸುಕಾಗಿತ್ತೆಂಬುದೇ ಮುಖ್ಯ ಲಿಂಗ. ರೇವಿನ ಹೊರಗೆ ಲಂಗರು ಹಾಕಿದ್ದ ಹಡಗಿನಿಂದ ಕೊಲೆಗಾರನು ಈಜಿ ಬಂದು ಮರಳಿ ಈಜಿ ಹೋದನೆಂಬುದೇ ನಿಗಮನ. ಇಲ್ಲಿ ಕಡಲೂ ತೀರವೂ ಬೀಗವಿಲ್ಲದ ಮನೆಯೂ ಹೇತುಗಳಾಗಿ ನಿಂತಿವೆ. ಕಥೆಯನ್ನು ಬೇರೆ ದೇಶಕ್ಕೆ ಒಯ್ದರೆ ಅನುಮಾನವೇ ಮುರಿಯುತ್ತದೆ. ಇಷ್ಟರಮಟ್ಟಿಗೆ ಗ್ರಂಥಕರ್ತರ ದೇಶೌಚಿತ್ಯವು ಶ್ಲಾಘ್ಯವಾದುದು.

ಆದರೆ ದೇಶವೆಂದರೆ ನೆಲ ನೀರು ಗಾಳಿ ಮಾತ್ರವಲ್ಲ. ಆ ದ್ವೀಪಗಳ ಮೂಲನಿವಾಸಿಗಳಿಗೆ ಕಿಲೌಯದ ಅಗ್ನಿಪರ್ವತದಲ್ಲಿ ವಾಸಿಸುವ ಪೆಲೆ ದೇವಿಯುಂಟು. ಅಕ್ಕನ ಪ್ರಿಯನನ್ನು ಕರೆತರಲು ಕೌವಾಯಿಗೆ ಪಯಣಿಸಿದ ತಂಗಿ ಹಿಯಾಕಳ ಕಥೆಯುಂಟು. 'ಕುಮುಲಿಪೊ' ಎಂಬ ಸೃಷ್ಟಿಸ್ತೋತ್ರವುಂಟು. ಮಳೆ, ಹೂ, ಊರು ಇವುಗಳ ಹೆಸರಿನ ಮರೆಯಲ್ಲಿ ಮತ್ತೊಂದು ಅರ್ಥವನ್ನು ಹುದುಗಿಸುವ ಅವರ ಕವಿಮಾರ್ಗಕ್ಕೆ 'ಕಾವೊನ' ಎಂದು ಹೆಸರು. ಆನಂದವರ್ಧನನ ಧ್ವನಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಇಂತಹ ಸಂಪತ್ತಿನಲ್ಲಿ ಯಾವುದೂ ಈ ಕಾದಂಬರಿಯ ಅನುಮಾನವನ್ನು ಪ್ರವೇಶಿಸಿಲ್ಲ. ಮೂಲನಿವಾಸಿಗಳು ಕಥೆಯ ಅಂಚಿನಲ್ಲಿಯೇ ಉಳಿದಿದ್ದಾರೆ.

ಪತ್ತೇದಾರಿ ಕಥೆಗೆ ಮಾನುಷಕಾರಣವೇ ಬೇಕು, ದೇವತೆಗಳು ಹೇತುವಾದರೆ ತರ್ಕವು ಕೆಡುವುದಿಲ್ಲವೆ ಎಂದು ಪೂರ್ವಪಕ್ಷಿಯು ಆಕ್ಷೇಪಿಸಬಹುದು. ಸತ್ಯ, ದೇವತೆಯು ಹೇತುವಾಗಲಾರಳು. ಆದರೆ ದೇವತೆಯಲ್ಲಿಟ್ಟ ನಂಬಿಕೆಯು ಮನುಷ್ಯನ ನಡತೆಗೆ ಹೇತುವಾಗಬಲ್ಲುದು. ಪೂರ್ವಿಕ ಯೋಧರ ಪ್ರೇತಗಳು ರಾತ್ರಿಯಲ್ಲಿ ಮೆರವಣಿಗೆ ಹೊರಡುವುವೆಂದೂ, ಅವುಗಳನ್ನು ನೋಡಬಾರದೆಂದೂ ಅಲ್ಲಿ ನಂಬಿಕೆಯಿದೆ. ಮದ್ದಲೆಯ ಸದ್ದು ಕೇಳಿ ನೆಲಕ್ಕೆ ಮುಖವಿಟ್ಟು ಮಲಗಿದ ಸಾಕ್ಷಿಯು ಕೊಲೆಗಾರನನ್ನು ಕಾಣಲಿಲ್ಲವೆಂದರೆ ಅದು ಸುಳ್ಳಲ್ಲ. ಆ ಮೌನದ ಕಾರಣವನ್ನರಿಯಲು ಪತ್ತೇದಾರನಿಗೆ ಐತಿಹ್ಯಜ್ಞಾನವೇ ಬೇಕಾಗುತ್ತದೆ. ಆಗ ಪುರಾಣವು ಅಲಂಕಾರವಾಗದೆ ವ್ಯಾಪ್ತಿಜ್ಞಾನಕ್ಕೆ ಅಂಗವಾಗುತ್ತದೆ.

ಈ ವಿವೇಕವು ಕೇವಲ ಶಾಸ್ತ್ರವಿನೋದವಲ್ಲ. ೧೮೯೩ರಲ್ಲಿ ಆ ಜನರ ರಾಣಿ ಲಿಲಿಯುವೊಕಲಾನಿ ಪದಚ್ಯುತಳಾದಳು. ೧೮೯೬ರ ಶಾಸನವು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಭಾಷೆಯನ್ನಾಗಿ ಮಾಡಿತು. ೧೮೯೮ರಲ್ಲಿ ದೇಶವು ಅಮೆರಿಕಕ್ಕೆ ಸೇರಿಸಲ್ಪಟ್ಟಿತು. ಹವಾಯಿ ಭಾಷೆಗೆ ರಾಜ್ಯಭಾಷೆಯ ಸ್ಥಾನವು ಮರಳಿ ದೊರೆತುದು ೧೯೭೮ರಲ್ಲಿ. ರಾಜ್ಯವನ್ನೂ ಶಾಲೆಯ ಮಾತನ್ನೂ ಕಳೆದುಕೊಂಡ ಜನಕ್ಕೆ ಐತಿಹ್ಯವೇ ಉಳಿದ ಮನೆ. ಪೆಲೆಯನ್ನು ಭಯಾನಕರಸದ ಸಾಮಗ್ರಿಯನ್ನಾಗಿ ಮಾತ್ರ ಬಳಸುವ ಕಥೆಗಾರನು ಆ ಮನೆಯನ್ನು ಅಪ್ಪಣೆಯಿಲ್ಲದೆ ಹೊಕ್ಕಂತಾಗುತ್ತದೆ. ಬಿಗ್ಗರ್ಸ್ ಅವರ ಮೌನವು ಅದಕ್ಕಿಂತ ಮೇಲು.

ಆದುದರಿಂದ ಈ ಕೃತಿಯು ಹವಾಯಿಯ ಕಡಲನ್ನು ಅರಿತ ಕಾದಂಬರಿ, ಹವಾಯಿಯ ಮನಸ್ಸನ್ನು ಅರಿತುದಲ್ಲ ಎಂಬುದೇ ನಿರ್ಣಯ. ಐತಿಹ್ಯವನ್ನು ಬಳಸಬಯಸುವ ಲೇಖಕನು ಅದನ್ನು ಕಥೆಯಿಂದ ತೆಗೆದುನೋಡಲಿ; ರಹಸ್ಯವು ಆಗಲೂ ಬಿಡಿಸಲ್ಪಡುವುದಾದರೆ ಆ ಐತಿಹ್ಯವು ಅಲ್ಲಿ ಬರಬೇಕಾಗಿರಲಿಲ್ಲ.