ಬದುವಿನ ಹೊಂಗೆಯೂ ಸರಕಾರದ ನೀತಿಯೂ

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಹಾಸನದ ಸಮೀಪದ ಮಡೆನೂರಿನಲ್ಲಿ ಸ್ಥಾಪಿಸಿದ ಜೈವಿಕ ಇಂಧನ ಉದ್ಯಾನವೂ, 2009ರಲ್ಲಿ ರಾಜ್ಯ ಸರಕಾರವು ಅಂಗೀಕರಿಸಿದ ಜೈವಿಕ ಇಂಧನ ನೀತಿಯೂ ಆಶಯದಲ್ಲಿ ಉದಾತ್ತವಾದುವೆಂಬುದರಲ್ಲಿ ಸಂದೇಹವಿಲ್ಲ. ಅನ್ನ ಬೆಳೆಯುವ ನೆಲವನ್ನು ಎಣ್ಣೆಗಾಗಿ ಕಸಿದುಕೊಳ್ಳದೆ, ಬದು, ಬೇಲಿ, ಪಾಳುಭೂಮಿಗಳಲ್ಲಿ ಹೊಂಗೆ, ಬೇವು, ಹಿಪ್ಪೆಗಳನ್ನು ಬೆಳೆಸಬೇಕೆಂಬ ಅವುಗಳ ಮೂಲತತ್ತ್ವವು ಅದೇ ಹಾಸನದ ಸಾಲಗಾಮೆ ಹೋಬಳಿಯಂತಹ ಮಳೆಯಾಶ್ರಿತ ಪ್ರದೇಶದ ಸಣ್ಣ ಹಿಡುವಳಿದಾರನ ಸ್ಥಿತಿಯನ್ನು ಅರಿತೇ ರೂಪುಗೊಂಡಿತ್ತು.

ಹೊಂಗೆಬೀಜ ಸಂಗ್ರಹಿಸುವ ಕಾಯಕದ ಸ್ವರೂಪವನ್ನು ಕೊಂಚ ಹತ್ತಿರದಿಂದ ನೋಡಬೇಕು. ಮುಂಗಾರಿನ ಆಲೂಗಡ್ಡೆ ಬಿತ್ತನೆಗೆ ಮುನ್ನ, ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯಲ್ಲಿ, ಹೊಂಗೆಯ ಕಾಯಿಗಳನ್ನು ಗಳುವಿನಿಂದ ಬಡಿದು ಕೆಡವಿ, ಅಂಗಳದಲ್ಲಿ ಒಣಗಿಸಿ, ಸಿಪ್ಪೆಯೊಡೆದು ಬೀಜ ಬಿಡಿಸುವರು. ಇದರಲ್ಲಿ ಹೆಚ್ಚಿನ ದುಡಿಮೆ ಹೆಂಗಸರದು. ಸುಮಾರು ನಾಲ್ಕು ಕಿಲೋ ಬೀಜವನ್ನು ಅರೆದರೆ ಒಂದು ಲೀಟರಿನಷ್ಟು ಎಣ್ಣೆಯೂ, ಉಳಿದ ಭಾಗವು ಹಿಂಡಿಯಾಗಿ ಭೂಮಿಗೆ ಉತ್ತಮ ಗೊಬ್ಬರವೂ ಆಗುವುದು. ಎಣ್ಣೆಯು ಇಂಧನಕ್ಕಲ್ಲದೆ ಸಾಬೂನಿಗೂ ಚರ್ಮ ಹದಮಾಡುವುದಕ್ಕೂ ಸಲ್ಲುವುದು.

ಇಷ್ಟಿದ್ದೂ ಹೊಂಗೆಯ ಮಾರುಕಟ್ಟೆ ಬಲಿಯಲಿಲ್ಲವೇಕೆ? ನನ್ನ ವಿಚಾರದಲ್ಲಿ, ನೀತಿಯು ಸಸಿಯ ಹೊಣೆ ಹೊತ್ತಷ್ಟು ಬೀಜದ ಹೊಣೆ ಹೊರಲಿಲ್ಲ. ಕೇಂದ್ರ ಸರಕಾರವು 2005ರಲ್ಲಿ ಪ್ರಕಟಿಸಿದ ಜೈವಿಕ ಡೀಸೆಲ್ ಖರೀದಿ ನೀತಿಯು ಲೀಟರಿಗೆ 25 ರೂಪಾಯಿ ಗೊತ್ತುಮಾಡಿತು. ಆದರೆ ತಯಾರಿಕೆಯ ವೆಚ್ಚವೇ ಅದನ್ನು ಮೀರಿದುದರಿಂದ ಖರೀದಿ ಕೇಂದ್ರಗಳಿಗೆ ಜೈವಿಕ ಡೀಸೆಲ್ ಬರಲಿಲ್ಲ. 2013–14ರಲ್ಲಿ ಕಿರು ಅರಣ್ಯೋತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆಯ ಯೋಜನೆ ಬಂದಾಗ ಹೊಂಗೆಬೀಜವೂ ಪಟ್ಟಿಯಲ್ಲಿ ಸೇರಿತಾದರೂ, ಆ ಯೋಜನೆಯ ದೃಷ್ಟಿ ಇದ್ದುದು ಕಾಡಿನ ಸಂಗ್ರಾಹಕರತ್ತ. ಸ್ವಂತ ಬದುವಿನಲ್ಲಿ ಮರ ಬೆಳೆಸಿದ ರೈತನತ್ತ ಅಲ್ಲ.

ಅದೇ ಬೇಲಿಯ ಬೇವಿನ ಭಾಗ್ಯ ಬೇರೆಯಾಯಿತು. ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪನವಿರಲೇಬೇಕೆಂದು 2015ರಲ್ಲಿ ಆಜ್ಞೆಯಾದೊಡನೆ, ರಸಗೊಬ್ಬರದ ಕಾರ್ಖಾನೆಗಳು ಬೇವಿನೆಣ್ಣೆಯನ್ನು ಕೊಳ್ಳಲೇಬೇಕಾಯಿತು. ಎಥನಾಲ್‌ನ ಕಥೆಯೂ ಇದೇ: ಸರಕಾರವು ವರ್ಷವರ್ಷವೂ ದರ ನಿಗದಿಮಾಡಿ, ತೈಲ ಕಂಪನಿಗಳಿಗೆ ಮಿಶ್ರಣದ ಗುರಿ ವಿಧಿಸಿದ್ದರಿಂದ 2022ರಲ್ಲಿ ಪೆಟ್ರೋಲಿನಲ್ಲಿ ಅದರ ಪಾಲು ಶೇಕಡಾ 10ನ್ನು ಮುಟ್ಟಿತು. 2018ರ ರಾಷ್ಟ್ರೀಯ ನೀತಿಯು ಜೈವಿಕ ಡೀಸೆಲ್ಲಿಗೆ 2030ರೊಳಗೆ ಶೇಕಡಾ 5ರ ಗುರಿಯನ್ನು ಹೇಳಿದರೂ, ಆ ಗುರಿ ಇಂದಿಗೂ ಬಹುದೂರದಲ್ಲಿದೆ.

ಕೊಳ್ಳುವವನನ್ನು ಕಟ್ಟಿಹಾಕಿದ ನೀತಿಯು ಮಾರುಕಟ್ಟೆಯನ್ನು ನಿರ್ಮಿಸಿತು. ಬೆಳೆಯುವವನನ್ನು ಹುರಿದುಂಬಿಸಿದ ನೀತಿಯು ಮರಗಳನ್ನಷ್ಟೇ ನಿರ್ಮಿಸಿತು. ಮರವೂ ಅಲ್ಪವಾದ ಲಾಭವಲ್ಲ; ಆದರೆ ಸಸಿಯು ಫಲ ಕೊಡುವವರೆಗೆ ಹಲವು ವರ್ಷ ಕಾದ ರೈತನಿಗೆ ನೆರಳಿನ ಮಾತನ್ನಾಡಿ ಸಮಾಧಾನ ಹೇಳುವುದು ನ್ಯಾಯವಲ್ಲ. ಕಾಯಿ ಬಡಿಯುವ ಕಾಲಕ್ಕೆ ಮೊದಲೇ ಬೀಜದ ದರವನ್ನು ಸಾರುವುದು, ಹೋಬಳಿಗೊಂದು ಎಣ್ಣೆಗಾಣವಿಟ್ಟು ಹಿಂಡಿಯನ್ನು ಆ ಊರಿನ ಹೊಲಗಳಿಗೇ ಉಳಿಸುವುದು, ಸರಕಾರಿ ವಾಹನಗಳಿಗೆ ಈ ಇಂಧನದ ಒಂದು ಪಾಲನ್ನು ಕಡ್ಡಾಯಗೊಳಿಸುವುದು: ಈ ಮೂರನ್ನು ಕೈಗೊಂಡ ದಿನವೇ ರಾಜ್ಯದ ನೀತಿಯು ತನ್ನ ಸಂಕಲ್ಪಕ್ಕೆ ಅರ್ಹವಾದೀತು.