ವಿಮಾನದ ಕೆಳಗಿದ್ದವರು

ಒಂದು ವಸ್ತುವನ್ನು ತಂದಿಟ್ಟು ಪಕ್ಕದಲ್ಲಿ ನಾಲ್ಕು ಸಾಲು ಬರೆದು ತೂಗುಹಾಕಿದರೆ ಅದು ಪ್ರದರ್ಶನ ಅನ್ನಿಸಿಕೊಳ್ಳುತ್ತೆ. ಆ ನಾಲ್ಕು ಸಾಲು ಬರೆಯೋ ಕೈ ಯಾರದು, ಅದನ್ನ ಅಳಿಸೋ ಕೈ ಯಾರದು ಅಂತ ನಾವು ಕೇಳಲೇಬೇಕಾಗಿದೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ವಿಮಾನ ಮತ್ತು ಬಾಹ್ಯಾಕಾಶ ಮ್ಯೂಸಿಯಂ 'ಎನೋಲಾ ಗೇ' ವಿಮಾನವನ್ನು ಪ್ರದರ್ಶನಕ್ಕಿಟ್ಟ ರೀತಿಯನ್ನು ಹೀಗೇ ನೋಡಬೇಕು.

1945ರ ಆಗಸ್ಟ್ 6ರ ಬೆಳಿಗ್ಗೆ ಹಿರೋಷಿಮಾದ ಮೇಲೆ ಅಣುಬಾಂಬು ಹಾಕಿದ ಬಿ-29 ಇದು. ಅದಕ್ಕಿಟ್ಟ ಹೆಸರು ಪೈಲಟ್ಟಿನ ಹೆತ್ತ ತಾಯಿಯದು! ಆ ವರ್ಷ ಮುಗಿಯೋದ್ರೊಳಗೆ ಆ ಒಂದು ಊರಲ್ಲಿ ಸತ್ತವರು ಸುಮಾರು 1,40,000 ಜನ.

ಐವತ್ತನೇ ವರ್ಷಕ್ಕೆ, 1995ರಲ್ಲಿ, ಮ್ಯೂಸಿಯಮ್ಮಿನ ವಿದ್ವಾಂಸರು ಒಂದು ಪ್ರಾಮಾಣಿಕ ಕೆಲಸಕ್ಕೆ ಹೊರಟರು. ವಿಮಾನದ ಜೊತೆಗೆ ಅದರ ಕೆಳಗಿದ್ದವರನ್ನೂ ತೋರಿಸಬೇಕು ಅಂತ. ಜಪಾನಿನಿಂದ ತರಿಸಬೇಕೆಂದಿದ್ದ ವಸ್ತುಗಳಲ್ಲಿ ಒಬ್ಬ ಶಾಲಾ ಹುಡುಗಿಯ ಬುತ್ತಿ ಡಬ್ಬಿಯೂ ಇತ್ತು. ಒಳಗಿನ ಅನ್ನ, ಬಟಾಣಿ ಸುಟ್ಟು ಇದ್ದಿಲಾಗಿತ್ತು. ಹುಡುಗಿಯ ದೇಹ ಸಿಗಲೇ ಇಲ್ಲ. ಮಕ್ಕಳು ಬುತ್ತಿ ಬಿಚ್ಚೋದನ್ನ ದಿನಾ ನೋಡುವ ನಮ್ಮ ಹಳ್ಳಿ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಡಬ್ಬಿಗೆ ಹೆದರಿದ್ದು ವಾಯುಪಡೆ ಸಂಘ, ಮಾಜಿ ಸೈನಿಕರ ಅಮೆರಿಕನ್ ಲೀಜನ್. 1994ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸೆನೆಟ್ಟೇ ಪ್ರದರ್ಶನದ ಬರಹವನ್ನು ಖಂಡಿಸಿ ನಿರ್ಣಯ ಮಾಡಿತು. ಬರಹವನ್ನು ತಿದ್ದಿದರು, ಮತ್ತೆ ತಿದ್ದಿದರು. ಕಡೆಗೆ ಜಗಳ ಬಂದು ನಿಂತದ್ದು ಒಂದು ಅಂಕಿಯ ಮೇಲೆ: ಬಾಂಬು ಹಾಕದೆ ಸೈನ್ಯ ಇಳಿಸಿದ್ದರೆ ಎಷ್ಟು ಅಮೆರಿಕನ್ನರು ಸಾಯುತ್ತಿದ್ದರು? ಸಾಯದೆ ಉಳಿದವರ ಲೆಕ್ಕಕ್ಕೆ ಇಷ್ಟು ಕಾದಾಟ. ಸತ್ತ ಹುಡುಗಿಯ ಡಬ್ಬಿಗೆ ಜಾಗ ಇಲ್ಲ. 1995ರ ಜನವರಿ 30ರಂದು ಪ್ರದರ್ಶನ ರದ್ದು. ಮೇ ತಿಂಗಳಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ. ಜೂನಿನಲ್ಲಿ ವಿಮಾನದ ಮುಂಭಾಗವನ್ನಿಟ್ಟು, ಅದನ್ನ ಹೇಗೆ ರಿಪೇರಿ ಮಾಡಿದೆವು ಅಂತ ತೋರಿಸಿದರು.

ಮಾಜಿ ಸೈನಿಕರ ಮಾತನ್ನು ತಳ್ಳಿಹಾಕುವಂತಿಲ್ಲ. ಬಾಂಬು ಬಿದ್ದದ್ದರಿಂದಲೇ ಜೀವ ಸಹಿತ ಮನೆಗೆ ಬಂದೆವು ಅಂತ ಅವರು ನಂಬಿದ್ದರು. ಜಪಾನಿನ ಪ್ರಭುತ್ವ ಚೀನಾದಲ್ಲಿ, ಕೊರಿಯಾದಲ್ಲಿ ಮಾಡಿದ ಕ್ರೌರ್ಯವೂ ಸುಳ್ಳಲ್ಲ. ಅದನ್ನೂ ಬರೆಯಲಿ, ಬೇಡ ಅಂದವರ್ಯಾರು? ಅಷ್ಟೇ ಅಲ್ಲ, ಆ ಬುತ್ತಿ ಡಬ್ಬಿಯನ್ನು ಕಾಪಾಡಿಟ್ಟ ಹಿರೋಷಿಮಾವನ್ನೂ ನಾವು ಸುಮ್ಮನೆ ಬಿಡುವಂತಿಲ್ಲ. ಆ ಬಾಂಬಿಗೆ ಸಿಕ್ಕಿ ಸತ್ತವರಲ್ಲಿ ಕೂಲಿಗೆಂದು ಬಲವಂತವಾಗಿ ಎಳೆದು ತಂದಿದ್ದ ಕೊರಿಯಾದವರೂ ಇದ್ದರು. 1970ರಲ್ಲಿ ಎದ್ದ ಅವರ ಸ್ಮಾರಕ ಅಲ್ಲಿನ ಶಾಂತಿ ಉದ್ಯಾನದ ಹೊರಗಿತ್ತು. ಒಳಕ್ಕೆ ಬಂದದ್ದು 1999ರಲ್ಲಿ. ಸತ್ತ ಮೇಲೂ ಊರಾಚೆ ಇರೋದು ಏನು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನೊಂದು ಮಾತು. ಮ್ಯೂಸಿಯಮ್ಮಿನವರಿಗೆ ಬರೆಯೋಕೆ ಬರಲ್ಲ ಅಂತಲ್ಲ. ಜರ್ಮನಿಯ ವಿ-2 ರಾಕೆಟ್ಟನ್ನು ನಾಜಿಗಳು ಮಿಟ್ಟೆಲ್‌ಬಾವ್-ಡೋರಾ ಶಿಬಿರದ ಕೈದಿಗಳಿಂದ ಸುರಂಗದೊಳಗೆ ಮಾಡಿಸಿದರು. ಆ ಶಿಬಿರದಲ್ಲಿ ಸತ್ತವರು ಸುಮಾರು 20,000. ಇದೇ ಮ್ಯೂಸಿಯಂ 1990ರಲ್ಲಿ ತನ್ನ ವಿ-2 ಪಕ್ಕದಲ್ಲಿ ಆ ಕೈದಿಗಳ ಕತೆ ಬರೆಯಿತು. ಒಳ್ಳೆ ಕೆಲಸ. ಸೋತ ಶತ್ರುವಿನ ಪಾಪ ಬರೆಯೋದಕ್ಕೆ ಯಾವ ಸೆನೆಟ್ಟೂ ಅಡ್ಡ ಬರಲ್ಲ.

2003ರ ಡಿಸೆಂಬರಿನಿಂದ ಇಡೀ ವಿಮಾನ ವರ್ಜೀನಿಯಾದಲ್ಲಿರುವ ಇದೇ ಮ್ಯೂಸಿಯಮ್ಮಿನ ಉಡ್ವಾರ್-ಹೇಜಿ ಕೇಂದ್ರದಲ್ಲಿದೆ. ಸುಮಾರು 3,00,000 ಗಂಟೆ ದುಡಿದು ಅದನ್ನ ಫಳಫಳ ಹೊಳೆಯೋ ಹಂಗೆ ಮಾಡಿದ್ದಾರೆ. ಬಾಂಬಿಗೆ ಸಿಕ್ಕಿ ಬದುಕುಳಿದ ವೃದ್ಧರು ಆ ಸಮಯದಲ್ಲಿ ಜಪಾನಿನಿಂದ ಬಂದು ಪ್ರತಿಭಟಿಸಿದರು. ಸತ್ತವರ ಸಂಖ್ಯೆಯನ್ನಾದರೂ ಬರೆಯಿರಿ ಅನ್ನೋದು ಪ್ರತಿಭಟನೆಗಾರರ ಬೇಡಿಕೆಯಾಗಿತ್ತು. ಬೇರೆ ವಿಮಾನಗಳಿಗೂ ನಾವು ಹಾಗೆ ಬರೆಯೋದಿಲ್ಲ ಅಂತ ಮ್ಯೂಸಿಯಂ ಒಪ್ಪಲಿಲ್ಲ. ರೆಕ್ಕೆಯ ಅಳತೆ ಬರೆದರು, 43 ಮೀಟರ್.